ಬೇಸಿಗೆಯಲ್ಲಿ ಅಪ್ಪ-ಅಮ್ಮನನ್ನು ಫೀನಿಕ್ಸ್ ಕಡೆ ಕಳಿಸುವವರು ಇದನ್ನೊಮ್ಮೆ ಓದಿ

ಫೀನಿಕ್ಸ್ ಇರುವ ಅಮೆರಿಕದ ಅರಿಜೋನಾದಲ್ಲಿ ಮಕ್ಕಳಿದ್ದಾರೆ, ಬೇಸಿಗೆ ರಜೆಗೆ ಹೋಗಿ ಬರೋಣ ಅನ್ನುವವರು ನಮ್ಮಲ್ಲಿ ಈಗ ಬಹಳ. ಹೋಗಿ. ಆದರೆ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಅಲ್ಲಿನ ನೆಲದ ಮೇಲೆ ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಲು ಬಿಡಬೇಡಿ.

ನಮ್ಮಮ್ಮ ರಾಯಚೂರಿನವರು. "ಬಿಸಿಲು ನನಗೇನು ಹೊಸದಾ?" ಅಂತಲೇ ವಿಮಾನ ಹತ್ತಿದ್ದರು. ಫೀನಿಕ್ಸ್ ಹತ್ತಿರದ ಚಾಂಡ್ಲರ್‌ನಲ್ಲಿರುವ ಅಕ್ಕನ ಮನೆಗೆ ನಾವು ಹೋಗಿದ್ದು ಜುಲೈನಲ್ಲಿ. ಆ ತಿಂಗಳು ಅಲ್ಲಿ 43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ಬಿಸಿಲು ಅದಕ್ಕಿಂತ ಕೆಳಗಿಳಿಯಲಿಲ್ಲ. ಎಷ್ಟೋ ರಾತ್ರಿಗಳು 32ಕ್ಕೂ ಇಳಿಯಲಿಲ್ಲ. ಫೀನಿಕ್ಸ್ ಇರುವ ಮ್ಯಾರಿಕೋಪ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆ ವರ್ಷ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು. ಗಾಳಿ ಪೂರ್ತಿ ಒಣ. ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಬಂದದ್ದೇ ತಿಳಿಯುವುದಿಲ್ಲ. "ಒಣ ಬಿಸಿಲು, ಅಷ್ಟೇನೂ ಅನ್ನಿಸಲ್ಲ" ಅಂತ ಅಲ್ಲಿನವರೇ ಧೈರ್ಯ ಹೇಳುತ್ತಾರೆ. ಮನೆಯೊಳಗೆ ದಿನವಿಡೀ ಎಸಿ. ಗಾಜಿನ ಬಾಗಿಲಿನ ಆಚೆ ನೆಲ ಕಾವಲಿಯಾಗಿದೆ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿನ ಡಾಂಬರು ಮಧ್ಯಾಹ್ನ 70 ಡಿಗ್ರಿ ದಾಟುತ್ತದೆ. ಕಾಂಕ್ರೀಟೂ ಕಾಲು ಸುಡುವಷ್ಟು ಕಾಯುತ್ತದೆ.

ಅಕ್ಕನ ಹಿತ್ತಲಲ್ಲಿ ಒಂದು ತುಳಸಿ ಕುಂಡ ಇದೆ. ಮಧ್ಯಾಹ್ನ ಅದು ಬಾಡಿದ್ದನ್ನು ನೋಡಿ ಅಮ್ಮ ಚೊಂಬಿನಲ್ಲಿ ನೀರು ಹಿಡಿದು ಹೊರಗೆ ಹೋದರು. ತುಳಸಿ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗುವ ಪೈಕಿ ಅಲ್ಲ ಅವರು. ನಾವಾಗಿದ್ದರೆ ಮೊದಲ ಹೆಜ್ಜೆಗೇ ಎಗರಿ ಒಳಗೆ ಬರುತ್ತಿದ್ದೆವು. ಶುಗರ್‌ನಿಂದ ಅವರ ಪಾದ ಎಷ್ಟೋ ವರ್ಷದಿಂದ ಜೋಮು ಹಿಡಿದ ಹಾಗೇ ಇದೆ. ನಿಧಾನವಾಗಿ ನೀರು ಹಾಕಿ, ಒಣಗಿದ ಎಲೆ ಕಿತ್ತು, ಕೈಮುಗಿದಿದ್ದಾರೆ. ಆಮೇಲೆ ಏನೋ ಸ್ವಲ್ಪ ಉರಿ ಅನ್ನಿಸಿ ಹೋಸ್ ಪೈಪ್ ತಿರುಗಿಸಿ ಕಾಲಿಗೆ ನೀರು ಬಿಟ್ಟುಕೊಂಡಿದ್ದಾರೆ. ಬೆಳಗಿನಿಂದ ಬಿಸಿಲಲ್ಲಿ ಬಿದ್ದ ಪೈಪಿನಿಂದ ಮೊದಲು ಬರುವುದು ಸುಡುನೀರು! ಇದು ಅಲ್ಲಿನವರಿಗೆಲ್ಲ ಗೊತ್ತು. ಮಕ್ಕಳಿರುವ ಮನೆಯಲ್ಲಿ ಪೈಪ್ ಮುಟ್ಟಲೂ ಬಿಡುವುದಿಲ್ಲವಂತೆ.

ಸಂಜೆ ಅಕ್ಕನ ಮಗಳು ಟೈಲ್ಸ್ ಮೇಲೆ ಒದ್ದೆ ಹೆಜ್ಜೆ ಕಂಡು ಕೂಗಿದಾಗಲೇ ನಮಗೆ ಗೊತ್ತಾಗಿದ್ದು. ಎರಡೂ ಪಾದದ ಬೊಬ್ಬೆ ಒಡೆದಿತ್ತು. ಅಮ್ಮ "ಅರಿಶಿನ ಹಚ್ಚಿದರೆ ಸರಿಹೋಗುತ್ತೆ" ಅನ್ನುತ್ತಿದ್ದರು. ಬೆರಳು ಊದಿಕೊಂಡು ಕಾಲುಂಗುರ ಬಿಗಿದಿತ್ತು, ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಅದಕ್ಕೆ ಅತ್ತಷ್ಟು ಅವರು ಗಾಯಕ್ಕೂ ಅಳಲಿಲ್ಲ. ಬೇಸಿಗೆ ಪೂರ್ತಿ ಇಂಥ ಕಾಲುಗಳನ್ನೇ ನೋಡುತ್ತೇವೆ, ಅದರಲ್ಲೂ ಶುಗರ್ ಇರುವವರದು, ಅಂತ ನರ್ಸ್ ಹೇಳಿದರು.

ಸುಟ್ಟರೆ ಕೂಡಲೇ ಉಂಗುರ, ಗೆಜ್ಜೆ ತೆಗೆಯಿರಿ. ನಲ್ಲಿ ನೀರನ್ನು ಸ್ವಲ್ಪ ಹರಿಯಲು ಬಿಟ್ಟು, ತಣ್ಣಗಾದ ಮೇಲೆ 20 ನಿಮಿಷ ಅದರಡಿ ಕಾಲು ಇಡಿ. ಐಸ್ ಬೇಡ. ಅರಿಶಿನ, ಟೂತ್‌ಪೇಸ್ಟ್, ಕಾಫಿಪುಡಿ ಯಾವುದೂ ಬೇಡ. ಶುಗರ್ ಇದ್ದರೆ ಗಾಯ ಚಿಕ್ಕದಾಗಿ ಕಂಡರೂ ಡಾಕ್ಟರ್‌ಗೆ ತೋರಿಸಲೇಬೇಕು.

ಇನ್ನು ಇನ್ಶೂರೆನ್ಸ್ ಕಥೆ. ಹೊರಡುವ ಮುಂಚೆ ಏಜೆಂಟ್ "ಎಲ್ಲಾ ಕವರ್ ಆಗುತ್ತೆ, ಟೆನ್ಶನ್ ಬೇಡ" ಅಂದಿದ್ದರು. ಕ್ಲೇಮ್ ಹಾಕಿದರೆ ಕಂಪನಿಯವರ ಉತ್ತರ ಏನು ಗೊತ್ತಾ? ಪಾದಕ್ಕೆ ಸ್ಪರ್ಶ ಇಲ್ಲದಿರುವುದು ಶುಗರ್‌ನಿಂದ, ಶುಗರ್ ಹಳೇ ಕಾಯಿಲೆ, ಹಳೇ ಕಾಯಿಲೆಗೆ ಹಣ ಇಲ್ಲ. ಸುಟ್ಟಿದ್ದು ನೆಲ ಸ್ವಾಮಿ, ಶುಗರ್ ಅಲ್ಲ! ಅಪೀಲು ಹಾಕಿದ್ದೇವೆ, ಸುಟ್ಟಿದ್ದಕ್ಕೆ ಕಾರಣ ಕಾದ ನೆಲ ಅಂತ ಡಾಕ್ಟರ್ ಬರೆದುಕೊಟ್ಟ ಪತ್ರದ ಜೊತೆ. ಇನ್ನೂ ಉತ್ತರ ಇಲ್ಲ. ಅಕ್ಕನ ಗೆಳತಿಯೊಬ್ಬರು ಹೇಳಿಕೊಟ್ಟ ದಾರಿಯೇ ಸದ್ಯಕ್ಕೆ ನಮ್ಮನ್ನು ಉಳಿಸಿದ್ದು. ಬಿಲ್ ಬಂದ ತಕ್ಷಣ ಕಾರ್ಡ್ ಉಜ್ಜಬೇಡಿ. ಪ್ರತಿಯೊಂದರ ಲೆಕ್ಕ ಇರುವ ಬಿಲ್ ಕೇಳಿ. ಅಮೆರಿಕದಲ್ಲಿ ಲಾಭಕ್ಕಲ್ಲದ ಆಸ್ಪತ್ರೆಗಳು ಬಿಲ್ ಕಟ್ಟಲು ಕಷ್ಟ ಇರುವವರಿಗೆ ಹಣಕಾಸಿನ ನೆರವಿನ ನೀತಿ ಇಟ್ಟುಕೊಳ್ಳಲೇಬೇಕು ಅಂತ ಕಾನೂನಿದೆ. ಅದಕ್ಕೆ ಅರ್ಜಿ ಕೇಳಿ ಪಡೆಯಿರಿ, ಅವರಾಗಿಯೇ ಕೊಡುತ್ತಾರೆ ಅಂತ ಕಾಯಬೇಡಿ.

ಪಾಲಿಸಿ ಕೊಳ್ಳುವಾಗ ಇನ್ನೊಂದು ನೋಡಿ. ಕಡಿಮೆ ಪ್ರೀಮಿಯಂನ ಕೆಲವು ಪಾಲಿಸಿಗಳಲ್ಲಿ ಪ್ರತಿ ಚಿಕಿತ್ಸೆಗೂ ಇಷ್ಟೇ ಡಾಲರ್ ಕೊಡುತ್ತೇವೆ ಅಂತ ಮೊದಲೇ ಮಿತಿ ಹಾಕಿರುತ್ತಾರೆ. ಅಲ್ಲಿನ ಬಿಲ್ ಮುಂದೆ ಆ ಮೊತ್ತ ಏನೇನೂ ಅಲ್ಲ. "ಅಮ್ಮನಿಗೆ ಶುಗರ್ ಇದೆ, ಅಪಘಾತದಲ್ಲಿ ಕಾಲಿಗೆ ಗಾಯವಾದರೆ ಹಣ ಕೊಡುತ್ತೀರಾ?" ಅಂತ ಕಂಪನಿಗೇ ಇಮೇಲ್ ಹಾಕಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಸಾಧ್ಯವಾದರೆ ಟಿಕೆಟ್ಟನ್ನೇ ನವೆಂಬರ್ ಆಚೆಗೆ ಹಾಕಿ. ಆಗ ಅಲ್ಲಿ ಹವೆ ಹಿತವಾಗಿರುತ್ತದೆ. ಮೊಮ್ಮಕ್ಕಳಿಗೆ ರಜೆ ಜಾಸ್ತಿ ಇರಲ್ಲ, ನಿಜ.