ಸಿಕ್ಕಿಕೊಂಡ ಆಕ್ಸಿಜನ್ ಸೆನ್ಸರನ್ನು ಪೈಪು ಹಾಕಿ ತಿರುಗಿಸಲು ಬಿಡಬೇಡಿ

ಕರಾವಳಿಯಲ್ಲಿ ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಸೈಲೆನ್ಸರ್ ಪೈಪಿನಲ್ಲಿ ಕೂರುವ ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ. ಅದು ಕೆಟ್ಟಿದೆ ಎಂದು ಅಳೆದು ನೋಡಿದ್ದೀರಾ? ಅದು ತಿರುಗದಿದ್ದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ "ಬಲ ಹಾಕಿದರೆ ಬರುತ್ತದೆ" ಎಂಬ ಉತ್ತರ ಸಿಕ್ಕರೆ ಕೀಲಿಕೈ ತೆಗೆದುಕೊಂಡು ಹೊರಟುಬಿಡಿ. ನಾನು ಹೊರಡಲಿಲ್ಲ. ಅದರಿಂದ ಹದಿನೈದು ಸಾವಿರ ರೂಪಾಯಿ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಮನೆಯವರ ಜೀವಕ್ಕೇ ಅಪಾಯ ತಂದುಕೊಂಡಿದ್ದೆ.

ನಮ್ಮ ಮನೆ ಮಲ್ಪೆಯಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಕಾರು 2010ರದು. ಕೆಲಸಕ್ಕೆ ಅದರಲ್ಲೇ ಮಂಗಳೂರಿಗೆ ಹೋಗಿ ಬರುತ್ತೇನೆ. ಉಪ್ಪು ಗಾಳಿಗೆ ಹೆದರಿ ಅಡಿಭಾಗಕ್ಕೆ ವರ್ಷ ಬಿಟ್ಟು ವರ್ಷ ರಬ್ಬರ್ ಕೋಟಿಂಗ್ ಮಾಡಿಸುತ್ತಿದ್ದೆ. ಆದರೆ ಸೈಲೆನ್ಸರ್ ಪೈಪಿಗೆ ಯಾವ ಕೋಟಿಂಗೂ ನಿಲ್ಲುವುದಿಲ್ಲ. ಅದು ಕಾಯುತ್ತದೆ, ಆರುತ್ತದೆ, ಮಳೆಗಾಲದಲ್ಲಿ ಕಾದಿರುವಾಗಲೇ ರಸ್ತೆಯ ನೀರು ಎರಚಿಸಿಕೊಳ್ಳುತ್ತದೆ. ಸೆನ್ಸರ್ ಕೂರುವ ನಟ್ಟಿನ ಥ್ರೆಡ್, ಅಂದರೆ ತಿರುಪಿನ ಸುತ್ತುಗಳು, 18 ಮಿಲಿಮೀಟರ್ ಅಗಲದ್ದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಹದಿನಾಲ್ಕು ಹದಿನೈದು ಮಳೆಗಾಲ ಕಂಡ ಸೆನ್ಸರ್ ಆ ನಟ್ಟಿನೊಳಗೆ ಗಾರೆ ಹಾಕಿದಂತೆ ಬಿಗಿದುಕೊಂಡಿರುತ್ತದೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಟಪಾಡಿ ದಾಟುವಾಗ ಇಂಜಿನ್ ದೀಪ ಹೊತ್ತಿಕೊಂಡಿತು. ಓಟದಲ್ಲಿ ವ್ಯತ್ಯಾಸವಿರಲಿಲ್ಲ. ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿಸಿದಾಗ ಪಿ0135 ಎಂಬ ಕೋಡ್ ಬಂತು. "ಮುಂದಿನ ಸೆನ್ಸರ್ ಹೋಗಿದೆ ಸಾರ್, ಹೊಸದು ತರಿಸಬೇಕು" ಎಂದರು. ನಾನು ಒಪ್ಪಿಕೊಂಡೆ.

ಆ ಕೋಡ್ ನಿಜವಾಗಿ ಹೇಳುವುದೇನು ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ಗುರುತಿಸಿ ತಿಳಿಸುತ್ತದೆ, ಅದನ್ನು ನೋಡಿ ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಸೆನ್ಸರಿನೊಳಗಿನ ಪಿಂಗಾಣಿಯಂಥ ಭಾಗ ಸುಮಾರು 300 ಡಿಗ್ರಿ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುವುದರಿಂದ, ಬೇಗ ಬಿಸಿಯಾಗಲಿ ಎಂದು ಒಳಗೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಪಿ0135 ಎಂದರೆ ಆ ಹೀಟರಿನ ವಿದ್ಯುತ್ ಹಾದಿಯಲ್ಲಿ ಎಲ್ಲೋ ತೊಂದರೆ ಇದೆ ಎಂದಷ್ಟೇ. ಫ್ಯೂಸ್, ತಂತಿ, ಕನೆಕ್ಟರ್, ಹೀಟರ್, ನಾಲ್ಕರಲ್ಲಿ ಯಾವುದೂ ಆಗಿರಬಹುದು. ಯಾರೂ ವಿದ್ಯುತ್ ಹಾದಿ ಅಳೆಯುವ ಮಲ್ಟಿಮೀಟರ್ ಹೊರಗೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ರಾತ್ರಿಯಿಡೀ ನಿಂತಿದ್ದ ಗಾಡಿ, ತಣ್ಣಗಿನ ಪೈಪು. ತುಕ್ಕು ಬಿಡಿಸುವ ಎಣ್ಣೆಯನ್ನು ಒಮ್ಮೆ ಪಿಚಕ್ಕೆಂದು ಹೊಡೆದು ಎರಡು ನಿಮಿಷವೂ ಕಾಯದೆ 22ರ ಬಾಯಿ ಸ್ಪ್ಯಾನರ್ ಹಾಕಿದರು. ಜಾರಿತು. ಸ್ಪ್ಯಾನರಿನ ಹಿಡಿಗೆ ಎರಡಡಿ ಪೈಪು ತುರುಕಿ ಇಬ್ಬರು ನೇತಾಡಿದರು. ಆರು ಮೂಲೆಗಳೂ ಸವೆದು ಸೆನ್ಸರಿನ ತಲೆ ಗುಂಡಗಾಯಿತು. ಬಳಿಕ ಉಳಿ, ಸುತ್ತಿಗೆ. ಅದಕ್ಕೂ ಬಗ್ಗದಾಗ ಗ್ಯಾಸ್ ಟಾರ್ಚ್ ತಂದರು. ಎಣ್ಣೆ ಹೊಡೆದ ಜಾಗ, ಅದರ ಪಕ್ಕದಲ್ಲೇ ನಾನು ದುಡ್ಡು ಕೊಟ್ಟು ಮಾಡಿಸಿದ್ದ ರಬ್ಬರ್ ಕೋಟಿಂಗ್. ಅಂಗೈ ಅಗಲದ ಜಾಗ ಕಪ್ಪು ಹೊಗೆಯೊಂದಿಗೆ ಹೊತ್ತಿಕೊಂಡಿತು. ಒಬ್ಬ ಹುಡುಗ ಒದ್ದೆ ಗೋಣಿ ಎಸೆದು ಆರಿಸಿದ. ಪೆಟ್ರೋಲ್ ಪೈಪು ಅಲ್ಲಿಂದ ಬಹಳ ದೂರವಿರಲಿಲ್ಲ. ಆಗಲಾದರೂ "ಸಾಕು, ನಿಲ್ಲಿಸಿ" ಎನ್ನಬೇಕಿತ್ತು. ಇಷ್ಟು ಆದ ಮೇಲೆ ಅರ್ಧಕ್ಕೆ ಬಿಡುವುದು ಹೇಗೆ ಎಂದು ಸುಮ್ಮನಿದ್ದೆ. ನಿಮ್ಮ ಕಣ್ಣೆದುರು ಹೀಗಾದರೆ ದಯವಿಟ್ಟು ಸುಮ್ಮನಿರಬೇಡಿ. ಆ ಹಂತದಲ್ಲಿ ನಿಲ್ಲಿಸಿದ್ದರೆ ನಟ್ಟು ಉಳಿಯುತ್ತಿತ್ತು.

ಕೊನೆಗೆ ಸೆನ್ಸರ್ ಬಂತು. ಬರುವಾಗ ಹಲ್ಲು ಜುಮ್ಮೆನ್ನುವಂಥ ಕಿರುಚು ಸದ್ದು. ಕೈಯಲ್ಲಿ ಹಿಡಿದು ನೋಡಿದೆ. ಅದರ ಥ್ರೆಡ್ಡಿಗೆ ಹೊಳೆಯುವ ಕಬ್ಬಿಣದ ಎಳೆಯೊಂದು ಸ್ಪ್ರಿಂಗಿನಂತೆ ಮೂರು ಸುತ್ತು ಸುತ್ತಿಕೊಂಡಿತ್ತು. ಅದು ಸೆನ್ಸರಿನದಲ್ಲ. ಪೈಪಿನ ನಟ್ಟಿನ ಥ್ರೆಡ್ಡೇ ಸುಲಿದು ಬಂದಿತ್ತು.

ಮುಂದೆ ಮಾಡಿದ್ದು ಇನ್ನೂ ಕೆಟ್ಟದ್ದು. ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯೇ ಹಚ್ಚಿ ಕಳಿಸಿದ ಒಂದು ಬಗೆಯ ಲೇಪ ಇರುತ್ತದೆ, ಮುಂದೆ ಸಿಕ್ಕಿಕೊಳ್ಳದಿರಲಿ ಎಂದೇ. ಅದನ್ನು ಕೊಳೆ ಎಂದುಕೊಂಡು ಬನಿಯನ್ ಬಟ್ಟೆಯಿಂದ ಒರೆಸಿದರು. ಉಳಿದ ಎರಡು ಸುತ್ತು ಥ್ರೆಡ್ಡಿಗೆ ಸೆನ್ಸರನ್ನು ಕಚ್ಚಿಸಿ, ಸುತ್ತಲೂ ಗ್ಯಾಸ್ಕೆಟ್ಟಿಗೆ ಬಳಸುವ ಸಿಲಿಕೋನ್ ಪೇಸ್ಟ್ ಮೆತ್ತಿದರು. "ಲೀಕ್ ಆಗುವುದಿಲ್ಲ, ಧೈರ್ಯವಾಗಿ ಹೋಗಿ" ಎಂದರು. ಸೆನ್ಸರಿಗೆ 4,800, ಕೂಲಿ 1,500. ಹಳೆಯ ಸೆನ್ಸರನ್ನು ಕೇಳಿ ಪಡೆದು ಡಿಕ್ಕಿಯಲ್ಲಿ ಹಾಕಿಕೊಂಡೆ. ಅಂದು ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಎರಡೇ ದಿನದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗಿನಿಂದ ಟಿಕ್ ಟಿಕ್ ಸದ್ದು. ಬಿಸಿಯಾದ ಮೇಲೆ ಕಡಿಮೆಯಾಗುತ್ತಿತ್ತು. ಮೂರನೆಯ ದಿನ ಇಂಜಿನ್ ದೀಪ ಮತ್ತೆ ಹೊತ್ತಿತು. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 11ಕ್ಕೆ ಇಳಿಯಿತು. ಸೋರುವ ಜಾಗದಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಪೈಪಿನೊಳಗಿನ ಒತ್ತಡ ಏರಿಳಿಯುವಾಗ ಹೊರಗಿನ ಗಾಳಿಯೂ ಒಳಗೆ ಸೇರುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಸುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಮುಂದಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡಬಲ್ಲದು.

ಆ ಭಾನುವಾರ ಮನೆಯವರೊಂದಿಗೆ ಮಂಗಳೂರಿಗೆ ಹೋಗಿದ್ದೆ. ಜೋರು ಮಳೆ, ಕಿಟಕಿ ಏರಿಸಿ ಎ.ಸಿ. ಹಾಕಿದ್ದೆವು. ಪಂಪ್‌ವೆಲ್ ಬಳಿ ವಾಹನದಟ್ಟಣೆಯಲ್ಲಿ ಬಹಳ ಹೊತ್ತು ನಿಂತೆವು. ಹೆಂಡತಿ ತಲೆನೋವು ಎಂದಳು. ಹಿಂದೆ ಕುಳಿತಿದ್ದ ಮಗಳು ವಾಕರಿಕೆ ಬರುತ್ತಿದೆ ಎಂದಳು. ನನಗೂ ತಲೆ ಭಾರ. ಹೊಗೆಯ ವಾಸನೆ ಬೇರೆ ಗಾಡಿಗಳದ್ದು ಎಂದುಕೊಂಡಿದ್ದೆ. ಗಾಡಿಯನ್ನು ಬದಿಗೆ ಹಾಕಿ ಇಳಿದು ಮಳೆಯಲ್ಲೇ ನಿಂತ ಕೆಲವು ನಿಮಿಷಗಳಲ್ಲಿ ಮೂವರಿಗೂ ಹಗುರವಾಯಿತು. ಆಗ ಎದೆ ಧಸಕ್ಕೆಂದಿತು. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾನೆಟ್ ಒಳಗೆ ಸೋರಿದ ಹೊಗೆ, ಹೊರಗಾಳಿ ಎಳೆದುಕೊಳ್ಳುವ ಕಿಂಡಿಯ ಮೂಲಕ ನೇರ ನಮ್ಮ ಮುಖಕ್ಕೆ ಬರುತ್ತಿತ್ತು. ಉಳಿದ ದಾರಿಯಲ್ಲಿ ಅವರಿಬ್ಬರನ್ನು ಬಸ್ಸಿನಲ್ಲಿ ಕಳಿಸಿದೆ.

ಉಡುಪಿಯಲ್ಲಿ ಭಾವನ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಮೊದಲು ಕೇಳಿದ್ದು ಹಳೆಯ ಸೆನ್ಸರನ್ನು. ಅದರ ನಾಲ್ಕು ತಂತಿಗಳಲ್ಲಿ ಒಂದೇ ಬಣ್ಣದ ಎರಡು ಹೀಟರಿನವು. ಅವಕ್ಕೆ ಮಲ್ಟಿಮೀಟರ್ ಮುಟ್ಟಿಸಿದರು: 6 ಓಮ್. ಹೀಟರ್ ಕಡಿದಿದ್ದರೆ ಮೀಟರ್ ಏನನ್ನೂ ತೋರಿಸುತ್ತಿರಲಿಲ್ಲ. "ಹೀಟರ್ ಸರಿಯಾಗಿಯೇ ಇದೆಯಲ್ಲ ಮಾರಾಯರೇ" ಎಂದು ಅವರು ಗಾಡಿಯ ಕಡೆಯ ಕನೆಕ್ಟರ್ ಬಿಚ್ಚಿದರು. ಒಂದು ಪಿನ್ನಿನ ಮೇಲೆ ಹಳೆಯ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು. ಪಿನ್ ಬದಲಿಸಿ ಕನೆಕ್ಟರ್ ಒರೆಸಿ ಕೂರಿಸಲು ಅವರು ತೆಗೆದುಕೊಂಡದ್ದು 150 ರೂಪಾಯಿ. ಮೂಲ ಕಾಯಿಲೆ ಅಷ್ಟೇ ಆಗಿತ್ತು.

ಹೊಸ ಸೆನ್ಸರ್ ಕೂಡ ಉಳಿಯಲಿಲ್ಲ. ಸಿಲಿಕೋನ್ ಪೇಸ್ಟಿನ ಆವಿ ಸೆನ್ಸರಿನ ತುದಿಗೆ ಬಿಳಿ ಪದರವಾಗಿ ಕಟ್ಟಿಕೊಂಡು ಅದನ್ನು ಕುರುಡಾಗಿಸುತ್ತದೆ. ಸೆನ್ಸರಿಗೆ ಹಾನಿ ಮಾಡದ ಪೇಸ್ಟುಗಳೂ ಸಿಗುತ್ತವೆ, ಆದರೆ ಈ ಜಾಗಕ್ಕೆ ಯಾವ ಪೇಸ್ಟೂ ಸಲ್ಲದು, ಥ್ರೆಡ್ಡೇ ಬೇಕು. ಪೈಪು ಬಿಚ್ಚಿ ಬೈಕಂಪಾಡಿಯ ವೆಲ್ಡಿಂಗ್ ಅಂಗಡಿಗೆ ಒಯ್ದು, ಹಾಳಾದ ನಟ್ಟು ಕತ್ತರಿಸಿ ಸ್ಟೀಲಿನ ಹೊಸ ನಟ್ಟು ಕೂರಿಸಿದೆವು: 2,200. ಬಿಚ್ಚಿ ಜೋಡಿಸಿದ ಕೂಲಿ 1,800. ಇನ್ನೊಂದು ಸೆನ್ಸರ್ 4,800. ಅದನ್ನು ಬಿಗಿಯುವ ಬಲ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ಸುಮಾರು 40 ನ್ಯೂಟನ್ ಮೀಟರಿಗೆ ಬಿಗಿದರು, ಲೇಪವನ್ನು ಮುಟ್ಟಲಿಲ್ಲ.

ಪೈಪು ಬಿಚ್ಚುವ ಮೊದಲು ಅದರಲ್ಲಿ ಹಿಂದುಗಡೆ ಇರುವ ಎರಡನೆಯ ಆಕ್ಸಿಜನ್ ಸೆನ್ಸರನ್ನೂ ತೆಗೆಯಬೇಕಿತ್ತು. ಅದೇ ಗಾಡಿ, ಅದೇ ತುಕ್ಕು, ಅದೇ ವಯಸ್ಸು. ಅದನ್ನು ಅವರು ಬಿಡಿಸಿದ ರೀತಿ ನೋಡಿ. ಹಿಂದಿನ ದಿನ ಮಧ್ಯಾಹ್ನ, ಸಂಜೆ, ರಾತ್ರಿ, ಮೂರು ಬಾರಿ ತಣ್ಣಗಿನ ಪೈಪಿಗೆ ಎಣ್ಣೆ ಬಿಟ್ಟು ಇಂಗಲು ಬಿಟ್ಟರು. ಬೆಳಿಗ್ಗೆ ಜಾಗ ಒರೆಸಿ, ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಪೈಪು ಬೆಚ್ಚಗಾಗುವಂತೆ ಮಾಡಿದರು. ತಂತಿ ಹೊರಬರಲು ಪಕ್ಕದಲ್ಲಿ ಸೀಳು ಇರುವ, ಆರೂ ಮೂಲೆಗಳನ್ನು ಹಿಡಿಯುವ ಸಾಕೆಟ್ ಹಾಕಿದರು. ಮೊದಲು ಬಿಗಿಯುವ ಕಡೆಗೇ ಒಂದು ಕೂದಲೆಳೆಯಷ್ಟು. ಟಕ್ ಎಂದಿತು. ನಂತರ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಎಣ್ಣೆ, ಮತ್ತೆ ಕಾಲು ಸುತ್ತು. ಬಿಗಿ ಹೆಚ್ಚಾದಾಗಲೆಲ್ಲ ಕೈ ತೆಗೆದು ಕಾದರು. ನಲವತ್ತು ನಿಮಿಷ ಹಿಡಿಯಿತು. ಥ್ರೆಡ್ ಹೊಸದರಂತೆ ಇತ್ತು. ಆ ಸೆನ್ಸರ್ ಈಗಲೂ ಗಾಡಿಯಲ್ಲಿ ಕೆಲಸ ಮಾಡುತ್ತಿದೆ. ಹೀಗೂ ಬಗ್ಗದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಪೈಪು ಸಮೇತ ಬಿಚ್ಚಿ, ಗಾಡಿಯಿಂದ ದೂರ ಒಯ್ದು, ಬರಿಯ ನಟ್ಟನ್ನು ಕಾಯಿಸುತ್ತಿದ್ದೆ ಎಂದರು.

ನಿಮ್ಮ ಗಾಡಿಯಲ್ಲಿ ಈಗಾಗಲೇ ಸೆನ್ಸರಿನ ಸುತ್ತ ಪೇಸ್ಟ್ ಮೆತ್ತಿಸಿಕೊಂಡಿದ್ದರೆ ಈ ವಾರವೇ ಥ್ರೆಡ್ ಸರಿಮಾಡಿಸಿ. ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಿಕೊಂಡು ಕಿಟಕಿ ಮುಚ್ಚಿ ಓಡಿಸಬೇಡಿ, ಎ.ಸಿ. ಹಾಕಿಕೊಂಡು ನಿಂತ ಗಾಡಿಯಲ್ಲಿ ಯಾರೂ ಮಲಗಬೇಡಿ. ಕಾರಿನಲ್ಲಿ ಕುಳಿತ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಇಂಜಿನ್ ನಿಲ್ಲಿಸಿ, ಬಾಗಿಲು ತೆರೆದು ಹೊರಗೆ ಬನ್ನಿ.