ಬ್ರಾಕ್‌ನ ‘ಲೆಸ್ತಾಕ್‌ನ ಮನೆಗಳು’: ಶಿವಮೊಗ್ಗದಲ್ಲಿ ಮಾಡಿಸಿದ ಕ್ಯಾನ್ವಾಸ್ ಪ್ರಿಂಟ್ ಹೇಗಿದೆ?

ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ ದಕ್ಷಿಣ ಫ್ರಾನ್ಸಿನ ಕಡಲತೀರದ ಊರು ಲೆಸ್ತಾಕ್‌ನ ಬಗ್ಗೆ 1908ರಲ್ಲಿ ಬರೆದ ಈ ಚಿತ್ರದ ಮೂಲ ಸ್ವಿಟ್ಜರ್‌ಲೆಂಡಿನ ಬರ್ನ್ ಕಲಾ ಸಂಗ್ರಹಾಲಯದಲ್ಲಿದೆ. ಅಳತೆ ಸುಮಾರು 73 × 60 ಸೆಂ.ಮೀ. ಶಿವಮೊಗ್ಗದ ಪ್ರಿಂಟಿಂಗ್ ಅಂಗಡಿಯೊಂದು ಅದೇ ಅಳತೆಗೆ ಮಾಡಿಕೊಟ್ಟ ಕ್ಯಾನ್ವಾಸ್ ಪ್ರಿಂಟ್ ಇದು. ನೇಯ್ಗೆ ಚೆನ್ನಾಗಿದೆ, ಮ್ಯಾಟ್ ಫಿನಿಶ್ ಆದ್ದರಿಂದ ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಚಿತ್ರವನ್ನು ಬಿಡಿಸಿ ಓದಬೇಕೆನ್ನುವವರಿಗೆ ಎರಡು ಕಡೆ ಕೈಕೊಡುತ್ತದೆ.

ಮೊದಲನೆಯದು ಅಂಚು. ಮರದ ಚೌಕಟ್ಟಿಗೆ ಸುತ್ತಿ ಪಿನ್ ಹೊಡೆಯುವಾಗ ನಾಲ್ಕೂ ಕಡೆ 4 ಸೆಂ.ಮೀ. ಪಕ್ಕಕ್ಕೆ ಮಡಚಿಹೋಗಿ, ಎದುರಿಗೆ ಉಳಿದದ್ದು 65 × 52. ಬೇರೆ ಭೂದೃಶ್ಯದಲ್ಲಾದರೆ ಒಂದಿಷ್ಟು ಆಕಾಶ ಹೋಯಿತು ಅನ್ನಬಹುದು. ಇಲ್ಲಿ ಆಕಾಶವೂ ಇಲ್ಲ, ದಿಗಂತವೂ ಇಲ್ಲ. ಕಿಟಕಿ ಬಾಗಿಲಿಲ್ಲದ ಮನೆಗಳು ಒಂದರ ಮೇಲೊಂದು ಹತ್ತಿ ನಿಂತಿವೆ. ಎಡಗಡೆಯ ಮರ, ಅಂಚಿನ ಹಸಿರು ಅವನ್ನು ಹಿಡಿದಿಡುವ ಕಟ್ಟು. ಅದನ್ನೇ ಮಡಚಿದರೆ ಮನೆಗಳು ಸಡಿಲವಾಗಿ ಕಾಣುತ್ತವೆ. ಸುತ್ತ 5 ಸೆಂ.ಮೀ. ಖಾಲಿ ಕ್ಯಾನ್ವಾಸ್ ಬಿಡಿ ಎಂದು ಮೊದಲೇ ಹೇಳಬೇಕು.

ಬಣ್ಣದ್ದು ಇನ್ನೂ ದೊಡ್ಡ ತಕರಾರು. ಮೂಲದಲ್ಲಿರುವುದು ಮಣ್ಣಿನ ಹಳದಿ, ಹಸಿರು, ಬೂದು, ಅಷ್ಟೇ. ಆಗುಂಬೆ ಘಾಟಿಯಲ್ಲಿ ದೂರದ ಗುಡ್ಡ ಮಂಜಿನಲ್ಲಿ ಮಸುಕಾಗುವುದರಿಂದ ನಮಗೆ ದೂರ ತಿಳಿಯುತ್ತದೆ. ಬ್ರಾಕ್ ಆ ಆಸರೆಯನ್ನೇ ಕಿತ್ತುಹಾಕಿದ್ದಾನೆ: ಮೇಲಿನ ಮನೆಯೂ ಕೆಳಗಿನದರಷ್ಟೇ ಗಟ್ಟಿ. ನೆರಳೂ ಒಂದೇ ದಿಕ್ಕಿಗೆ ಬಿದ್ದಿಲ್ಲ. ಹಿರಿಯ ಫ್ರೆಂಚ್ ಚಿತ್ರಕಾರ ಸೆಜಾನ್‌ನಿಂದ ಕಲಿತ ಹಾಗೆ, ಕೆಲವು ಕಡೆ ಗೋಡೆಯ ಗೆರೆ ಮುಚ್ಚದೆ ಒಂದು ಮೈಯ ಬಣ್ಣ ಪಕ್ಕದ್ದಕ್ಕೆ ಸೋರಿಕೊಳ್ಳುತ್ತದೆ. ಅಂಗಡಿಯ ಆಟೋ ಕರೆಕ್ಷನ್ ಕಾಂಟ್ರಾಸ್ಟ್ ಏರಿಸಿ, ಸೋರುವ ಜಾಗಕ್ಕೆಲ್ಲ ಗೆರೆ ಎಳೆದುಬಿಟ್ಟಿದೆ; ಹಳದಿ ಕಿತ್ತಳೆಯಾಗಿದೆ. ಬ್ರಾಕ್ ಎಲ್ಲವನ್ನೂ ಘನಾಕೃತಿಗಳಿಗೆ (ಕ್ಯೂಬ್) ಇಳಿಸಿದ್ದಾನೆ ಎಂದು ವಿಮರ್ಶಕ ಲೂಯಿ ವೊಸೆಲ್ 1908ರ ನವೆಂಬರಿನಲ್ಲಿ ದೂರಿದ್ದ. ಮೂಲ ಅದಕ್ಕಿಂತ ಎಷ್ಟೋ ಸೂಕ್ಷ್ಮ. ಈ ಪ್ರಿಂಟ್‌ನಲ್ಲಿ ಮಾತ್ರ ಉಳಿದದ್ದು ಬರೀ ಪೆಟ್ಟಿಗೆಗಳು. ಕರೆಕ್ಷನ್ ಆಫ್ ಮಾಡಿಸಿ, ಅಂಗೈಯಗಲದ ಸ್ಯಾಂಪಲ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ.

ಫೈಲ್ ಕನಿಷ್ಠ 3,540 × 4,310 ಪಿಕ್ಸೆಲ್ ಇರಲಿ, ಇಂಚಿಗೆ 150 ಸಿಗುತ್ತದೆ. ಕಡಿಮೆಯಾದರೆ ಕುಂಚದ ಓರೆ ಎಳೆತಗಳು ಕಲಸಿಹೋಗುತ್ತವೆ.

ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ಹಿಂಬದಿ ಬೂಷ್ಟು ಹಿಡಿಯುತ್ತದೆ. ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡಲು ಒಂದು ಸೆಂ.ಮೀ. ಜಾಗ ಸಿಗುತ್ತದೆ. ಚೌಕಟ್ಟಿನ ಮೂಲೆಗಳಿಗೆ ಮರದ ಬೆಣೆ ಕೇಳಿ ಹಾಕಿಸಿಕೊಳ್ಳಿ; ಕ್ಯಾನ್ವಾಸ್ ಜೋತುಬಿದ್ದಾಗ ಬೆಣೆಗಳನ್ನು ಮೆಲ್ಲಗೆ ತಟ್ಟಿದರೆ ಮತ್ತೆ ಬಿಗಿಯಾಗುತ್ತದೆ.