ಟರ್ಬೊ ಶಾಖಕ್ಕೆ ಸ್ಪ್ರೇನಾ, ಪಟ್ಟಿನಾ, ಬ್ಲಾಂಕೆಟ್ಟಾ, ಸೆರಾಮಿಕ್ ಕೋಟಿಂಗಾ?

ಟರ್ಬೊ ಅಂದರೆ ಎಂಜಿನ್ನಿನ ಬಿಸಿ ಹೊಗೆಯಿಂದಲೇ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ, ಅದಕ್ಕೇ ಅದು ಅಷ್ಟು ಕಾಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಡಬ್ಬಿಯಲ್ಲಿ ಬರುವ ಸಿಲ್ವರ್ ಸ್ಪ್ರೇ ಬಣ್ಣ ಶಾಖ ತಡೆಯುವುದಿಲ್ಲ. ಡಬ್ಬಿ ಮೇಲೆ 650 ಡಿಗ್ರಿ ಅಂತ ಇದ್ದರೆ, ಅಷ್ಟು ಬಿಸಿಗೂ ಬಣ್ಣ ಏಳುವುದಿಲ್ಲ ಅಂತ ಅಷ್ಟೇ. ತುಕ್ಕು ತಡೆಯೋಕೆ ಸರಿ, ಮುಂದೆ ಹೋಗೋಣ.

ನನ್ನದು ಹಳೇ ಡೀಸೆಲ್ ಟರ್ಬೊ ಗಾಡಿ. ತುಮಕೂರಿನ ಏಪ್ರಿಲ್ ಬಿಸಿಲಲ್ಲಿ ಏಸಿ ಹಾಕಿಕೊಂಡು ದೇವರಾಯನದುರ್ಗ ಹತ್ತಿಸಿ ಹತ್ತಿಸಿ, ಟರ್ಬೊ ಪಕ್ಕದ ವೈರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕೊಳವೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಭಾರ ಎಳೆಯುವಾಗ ಡೀಸೆಲ್ ಹೊಗೆಯೇ 700 ಡಿಗ್ರಿ ದಾಟಬಹುದು, ಪೆಟ್ರೋಲ್ ಟರ್ಬೊ ಆದರೆ 900 ಕೂಡ.

ಡೌನ್‌ಪೈಪಿಗೆ, ಅಂದರೆ ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಪೈಪಿಗೆ, ಫೈಬರ್‌ಗ್ಲಾಸ್ ಪಟ್ಟಿ ಸುತ್ತೋದು ಅಗ್ಗ. ಬಿಗಿಯಾಗಿ ಎಳೆದು, ಸುತ್ತಿನ ಮೇಲೆ ಸುತ್ತು ಸ್ವಲ್ಪ ಕೂರುವಂತೆ ಸುತ್ತಿ, ಸ್ಟೀಲ್ ಕ್ಲಿಪ್ ಹಾಕಿದರೆ ಆಯಿತು. ಗ್ಲೌಸ್ ಬೇಕೇ ಬೇಕು, ಇಲ್ಲದಿದ್ದರೆ ಕೈಯೆಲ್ಲಾ ತುರಿಕೆ. ಶಾಖವನ್ನೇನೋ ಚೆನ್ನಾಗಿ ತಡೆಯಿತು, ಆದರೆ ಮಳೆಗಾಲದಲ್ಲಿ ನೀರು ಕುಡಿದು ಕೂತಿತ್ತು ಅನಿಸುತ್ತದೆ, ಬಿಚ್ಚಿ ನೋಡಿದರೆ ಕೆಳಗಿನ ಬಾಗಿನ ಹತ್ತಿರ ಪೈಪಿನ ತುಕ್ಕು ಪದರ ಪದರವಾಗಿ ಎದ್ದಿತ್ತು. ಸ್ಟೇನ್‌ಲೆಸ್ ಪೈಪ್ ಆದರೆ ಇಷ್ಟು ಭಯ ಇಲ್ಲ. ಎಂಜಿನ್ನಿನ ಹೊಗೆ ಒಟ್ಟುಮಾಡಿ ಟರ್ಬೊಗೆ ಕಳಿಸುವ ಬೀಡು ಕಬ್ಬಿಣದ ಮ್ಯಾನಿಫೋಲ್ಡಿಗೆ ಮಾತ್ರ ಪಟ್ಟಿ ಬೇಡವೇ ಬೇಡ. ಒಳಗಿನ ಶಾಖ ಹೊರಗೆ ಬರಲಾಗದೆ ಲೋಹವೇ ಜಾಸ್ತಿ ಕಾದು ಬಿರುಕು ಬಿಡಬಹುದು.

ಬ್ಲಾಂಕೆಟ್ ಅಂದರೆ ಟರ್ಬೊಗೆ ಹೊದಿಸುವ ಶಾಖ ತಡೆಯುವ ಬಟ್ಟೆ. ಅದನ್ನು ಟರ್ಬೈನ್ ಕಡೆಗೆ, ಅಂದರೆ ಬಿಸಿ ಹೊಗೆ ಹಾಯುವ ಕಡೆಗೆ ಮಾತ್ರ ಹಾಕೋದು. ಹಾಕಿದ ಮೇಲೆ ಬಾನೆಟ್ ಒಳಗಿನ ಬಿಸಿ ಕೈಗೇ ಗೊತ್ತಾಗುವಷ್ಟು ಇಳಿಯಿತು, ಕಾಸಿಗೆ ತಕ್ಕ ಮಾಲು. ಆಯಿಲ್ ಸೋರುವ ಟರ್ಬೊಗೆ ಹಾಕಬೇಡಿ, ಬಟ್ಟೆ ಆಯಿಲ್ ಹೀರಿದರೆ ಬೆಂಕಿ ಹತ್ತಬಹುದು.

ಸೆರಾಮಿಕ್ ಕೋಟಿಂಗ್ ಅಂದರೆ ಲೋಹದ ಮೇಲೆ ಹೊಡೆಯುವ, ಶಾಖ ತಡೆಯುವ ತೆಳು ಪದರ. ಅದರ ನಿಜವಾದ ಖರ್ಚು ಟರ್ಬೊ ಬಿಚ್ಚೋದರಲ್ಲಿದೆ. ಟರ್ಬೊ ಹಿಡಿದಿರುವ, ಬೋಲ್ಟಿನಂಥ ತುಕ್ಕು ಹಿಡಿದ ಸ್ಟಡ್‌ಗಳು ಬರಲ್ಲ, ಬಂದರೂ ಮುರಿದು ಬರುತ್ತವೆ. ಆಮೇಲೆ ಬ್ಲಾಸ್ಟಿಂಗ್ ಮಾಡಿ, ಅಂದರೆ ಒರಟು ಪುಡಿಯನ್ನು ಜೋರಾಗಿ ಊದಿ ತುಕ್ಕು ಕಿತ್ತು, ಕೋಟಿಂಗ್ ಹೊಡೆದು, ಒಣಗಿಸಬೇಕು. ಬ್ಲಾಸ್ಟಿಂಗಿಗೆ ಕೊಡುವ ಮುಂಚೆ ಟರ್ಬೊದ ನಡುವಿನ ಬೇರಿಂಗ್ ಭಾಗ ಬೇರೆ ಮಾಡಿದ್ದಾರಾ ಅಂತ ನೀವೇ ನಿಂತು ನೋಡಿ, ಆ ಪುಡಿ ಬೇರಿಂಗಿಗೆ ಸೇರಿದರೆ ಟರ್ಬೊ ಮುಗೀತು. ತೆಳು ಪದರ ಅಲ್ವಾ, ಹೊರಗಿನ ಬಿಸಿ ತಡೆಯೋದರಲ್ಲಿ ನನಗೆ ಬ್ಲಾಂಕೆಟ್ಟೇ ಒಂದು ಕೈ ಮೇಲೆ ಅನಿಸಿತು. ಆದರೆ ಕೋಟಿಂಗ್ ನೀರು ಹಿಡಿಯಲ್ಲ, ತುಕ್ಕು ಹಿಡಿಯೋಕೆ ಬಿಡಲ್ಲ, ಮ್ಯಾನಿಫೋಲ್ಡಿಗೂ ಧೈರ್ಯವಾಗಿ ಮಾಡಿಸಬಹುದು. ಸ್ಪ್ಯಾನರ್ ತಗುಲಿದರೆ ಚಕ್ಕೆ ಏಳುತ್ತದೆ, ಅಷ್ಟು ಹುಷಾರಿರಬೇಕು.

ಟರ್ಬೊ ಹೇಗೂ ರಿಪೇರಿಗೆ ಇಳಿದಿದ್ದರೆ ಆಗಲೇ ಕೋಟಿಂಗ್ ಮಾಡಿಸಿ. ಚೆನ್ನಾಗಿರುವ ಟರ್ಬೊವನ್ನು ಇದಕ್ಕಾಗಿ ಸುಮ್ನೆ ಬಿಚ್ಚಿಸೋ ಬದಲು ಬ್ಲಾಂಕೆಟ್ ಹಾಕಿ. ಯಾವುದೇ ಮಾಡಿಸಿದರೂ ಕಂಪನಿಯ ತಗಡಿನ ಹೀಟ್ ಶೀಲ್ಡ್ ವಾಪಸ್ ಹಾಕಿಸಿಕೊಳ್ಳಿ. ಬೋಲ್ಟ್ ಮುರಿದಿದೆ ಅಂತ ಅದನ್ನು ಗ್ಯಾರೇಜಿನ ಮೂಲೆಗೆ ಎಸೆದಿರುತ್ತಾರೆ.